ಪ್ರಧಾನಿಯಾಗಿದ್ದವರು ರಾಯಭಾರಿಯಾಗಿ ಹೋದರೆ: ಕೆವಿನ್ ರಡ್ ಅವರ ಕಥೆ

2025ರ ಅಕ್ಟೋಬರ್ 20ರಂದು ವೈಟ್ ಹೌಸ್‌ನಲ್ಲಿ ತೆಗೆದ ಒಂದು ವಿಡಿಯೊ ತುಣುಕು ನಿಮ್ಮ ಫೋನಿಗೂ ಬಂದಿರಬಹುದು. ಉದ್ದನೆಯ ಮೇಜು, ಸುತ್ತ ಎರಡು ದೇಶಗಳ ಮಂತ್ರಿಗಳು, ಅಧಿಕಾರಿಗಳು. ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಮತ್ತು ಆಸ್ಟ್ರೇಲಿಯಾದ ಪ್ರಧಾನಿ ಆಂಥೊನಿ ಆಲ್ಬನೀಸ್ ಅವರ ಭೇಟಿ ಅದು. ಆಸ್ಟ್ರೇಲಿಯಾದ ರಾಯಭಾರಿ ಹಿಂದೆ ಟ್ರಂಪ್ ಬಗ್ಗೆ ಆಡಿದ್ದ ಮಾತುಗಳನ್ನು ಪತ್ರಕರ್ತರೊಬ್ಬರು ಎತ್ತುತ್ತಾರೆ. ಟ್ರಂಪ್‌ಗೆ ಆ ರಾಯಭಾರಿ ಯಾರೆಂದೇ ಗೊತ್ತಿದ್ದಂತಿಲ್ಲ. ಎಲ್ಲಿದ್ದಾರೆ ಅವರು, ಇನ್ನೂ ನಿಮ್ಮ ಹತ್ತಿರವೇ ಕೆಲಸ ಮಾಡ್ತಿದ್ದಾರಾ ಎಂದು ಆಲ್ಬನೀಸ್ ಅವರನ್ನು ಕೇಳುತ್ತಾರೆ. ಆಲ್ಬನೀಸ್ ಮುಜುಗರದಿಂದ ನಗುತ್ತಾ ಮೇಜಿನ ಆಚೆ ಬದಿಗೆ ಕೈ ತೋರಿಸುತ್ತಾರೆ.

ಅಲ್ಲಿ ಕೂತಿದ್ದವರು ಕೆವಿನ್ ರಡ್. ಅದೆಲ್ಲ ಈ ಹುದ್ದೆಗೆ ಬರುವ ಮುಂಚಿನ ಮಾತು ಎಂದು ವಿವರಿಸಲು ಹೊರಟರು. ಟ್ರಂಪ್ ಮಧ್ಯದಲ್ಲೇ ತಡೆದರು. ನನಗೂ ನೀವು ಇಷ್ಟವಿಲ್ಲ, ಬಹುಶಃ ಯಾವತ್ತೂ ಇಷ್ಟ ಆಗೋದೂ ಇಲ್ಲ ಎಂದುಬಿಟ್ಟರು. ಕೋಣೆಗೆ ಕೋಣೆಯೇ ನಕ್ಕಿತು.

ಹೀಗೆ ಎಲ್ಲರೆದುರು ಮಾತು ಕೇಳಿಸಿಕೊಂಡವರು ಸಾಮಾನ್ಯ ಅಧಿಕಾರಿಯಲ್ಲ. ಎರಡು ಸಲ ಆಸ್ಟ್ರೇಲಿಯಾದ ಪ್ರಧಾನಿಯಾಗಿದ್ದವರು. ದೇಶವನ್ನೇ ಆಳಿದವರು ಇನ್ನೊಂದು ದೇಶಕ್ಕೆ ರಾಯಭಾರಿಯಾಗಿ ಯಾಕೆ ಹೋಗುತ್ತಾರೆ? ಅವರನ್ನೇ ಯಾಕೆ ಕಳಿಸುತ್ತಾರೆ? ಅಧ್ಯಕ್ಷರೇ ಇಷ್ಟವಿಲ್ಲ ಅಂದ ಮೇಲೂ ಅವರು ಅಲ್ಲೇ ಉಳಿದದ್ದು ಹೇಗೆ? ಇದು ತಿಳಿಯಬೇಕಾದರೆ ಮೊದಲು ಆ ಹುದ್ದೆಯನ್ನು ಸ್ವಲ್ಪ ನೋಡಬೇಕು.

ರಾಯಭಾರಿಯ ಕೆಲಸ ಏನು?

ಒಂದು ದೇಶದ ಪರವಾಗಿ ಇನ್ನೊಂದು ದೇಶದಲ್ಲಿ ಕೂತು ಮಾತಾಡುವುದು ರಾಯಭಾರಿಯ ಕೆಲಸ. ಮದುವೆ ಮಾತುಕತೆಗೆ ಮನೆಯವರು ಸೋದರಮಾವನನ್ನು ಕಳಿಸುತ್ತಾರಲ್ವಾ, ಹಾಗೆ. ಆತ ಅಲ್ಲಿ ಆಡುವ ಮಾತು ಆತನದ್ದಲ್ಲ, ಮನೆಯದ್ದು. ಸ್ವಂತ ಅಭಿಪ್ರಾಯ ಏನೇ ಇರಲಿ, ಅದನ್ನು ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಹೋಗಬೇಕು. ವಾಪಸ್ ಬಂದು ಅಲ್ಲಿಯವರ ಮನಸ್ಸಿನಲ್ಲಿ ಏನಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಬೇಕು.

ಕೆಲಸದ ಬಹುಪಾಲು ಟಿವಿಯಲ್ಲಿ ಕಾಣುವುದಿಲ್ಲ. ಸಂಸದರನ್ನು, ಅಧಿಕಾರಿಗಳನ್ನು ಒಬ್ಬೊಬ್ಬರಾಗಿ ಕಂಡು ಮಾತಾಡುವುದು, ಊಟಕ್ಕೆ ಕರೆಯುವುದು, ಯಾವ ಕಾನೂನು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಹುಡುಕುವುದು, ರಾತ್ರಿ ಕೂತು ತಮ್ಮ ಸರ್ಕಾರಕ್ಕೆ ಗುಪ್ತ ವರದಿ ಬರೆಯುವುದು. ತಮ್ಮ ದೇಶದ ಪ್ರಜೆಗಳು ಅಲ್ಲಿ ಕಷ್ಟದಲ್ಲಿ ಸಿಕ್ಕಿಕೊಂಡರೆ ನೆರವಾಗುವುದೂ ಸೇರಿದೆ.

ಹೈಕಮಿಷನರ್ ಎಂಬ ಹೆಸರನ್ನೂ ಕೇಳಿರುತ್ತೀರಿ. ಕೆಲಸ ಅದೇ. ಹಿಂದೆ ಬ್ರಿಟಿಷ್ ಸಾಮ್ರಾಜ್ಯದಲ್ಲಿದ್ದು ಈಗ ಕಾಮನ್‌ವೆಲ್ತ್ ಒಕ್ಕೂಟದಲ್ಲಿರುವ ದೇಶಗಳು ತಮ್ಮತಮ್ಮಲ್ಲಿ ಕಳಿಸಿಕೊಳ್ಳುವವರಿಗೆ ಈ ಹೆಸರು. ಹಾಗಾಗಿ ಆಸ್ಟ್ರೇಲಿಯಾದಿಂದ ದೆಹಲಿಗೆ ಬರುವವರು ಹೈಕಮಿಷನರ್, ವಾಷಿಂಗ್ಟನ್‌ಗೆ ಹೋಗುವವರು ರಾಯಭಾರಿ.

ಯಾರು ಬೇಕಾದರೂ ಆಗಬಹುದಾ?

ಕಾನೂನಿನ ಪ್ರಕಾರ ಹೆಚ್ಚುಕಮ್ಮಿ ಹೌದು. ಆದರೆ ಆಸ್ಟ್ರೇಲಿಯಾದಲ್ಲೂ ನಮ್ಮಲ್ಲೂ ಬಹುತೇಕ ರಾಯಭಾರಿಗಳು ವಿದೇಶಾಂಗ ಇಲಾಖೆಯಲ್ಲೇ ಬೆಳೆದವರು. ಚಿಕ್ಕ ವಯಸ್ಸಿಗೆ ಸೇರಿ, ಒಂದೊಂದು ದೇಶದಲ್ಲಿ ಮೂರ್ನಾಲ್ಕು ವರ್ಷ ದುಡಿದು, ಮೆಟ್ಟಿಲು ಹತ್ತುತ್ತಾ ಬಂದವರು. ಇವರ ನಡುವೆ ಸರ್ಕಾರ ಆಗಾಗ ಹೊರಗಿನವರನ್ನು ನೇಮಿಸುತ್ತದೆ. ಮಾಜಿ ಮಂತ್ರಿ, ಮಾಜಿ ಪಕ್ಷಾಧ್ಯಕ್ಷ, ಕೆಲವೊಮ್ಮೆ ನಿವೃತ್ತ ಸೇನಾಧಿಕಾರಿ. ಅಮೆರಿಕದಲ್ಲಿ ರಾಯಭಾರಿ ಆಗುವವರು ಸೆನೆಟ್ ಮುಂದೆ ಹೋಗಿ ಪ್ರಶ್ನೆಗಳಿಗೆ ಉತ್ತರಿಸಿ ಒಪ್ಪಿಗೆ ಪಡೆಯಬೇಕು. ಆಸ್ಟ್ರೇಲಿಯಾದಲ್ಲಿ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಸರ್ಕಾರ ತೀರ್ಮಾನಿಸಿದರೆ ಸಾಕು.

ರಾಜಕಾರಣಿಯನ್ನು ಕಳಿಸುವುದರಲ್ಲಿ ಒಂದು ದೊಡ್ಡ ಲಾಭ ಇದೆ. ಅವರು ಫೋನ್ ಮಾಡಿದರೆ ಪ್ರಧಾನಿ ನೇರವಾಗಿ ಎತ್ತುತ್ತಾರೆ. ಎದುರಿಗೆ ಕೂತ ವಿದೇಶಿ ಮಂತ್ರಿಗೂ ಅದು ಗೊತ್ತಿರುತ್ತದೆ. ಅಧಿಕಾರಿ ಆದರೆ "ಕೇಳಿ ಹೇಳ್ತೀನಿ" ಅನ್ನಬೇಕಾದ ಕಡೆ ಇವರು ಅಲ್ಲೇ ಮಾತು ಮುಗಿಸಬಲ್ಲರು. ಜೊತೆಗೆ ಚುನಾವಣೆ, ಪಕ್ಷ, ಮತ ಅಂದರೆ ಏನು ಅಂತ ಇವರಿಗೆ ಬಿಡಿಸಿ ಹೇಳಬೇಕಿಲ್ಲ. ಎದುರಿನ ಸಂಸದನ ಕಷ್ಟ ಇನ್ನೊಬ್ಬ ರಾಜಕಾರಣಿಗೆ ಬೇಗ ಅರ್ಥವಾಗುತ್ತದೆ.

ನಷ್ಟವೂ ಇದೆ. ವರ್ಷಗಟ್ಟಲೆ ದುಡಿದ ಅಧಿಕಾರಿಗಳ ಅವಕಾಶ ತಪ್ಪುತ್ತದೆ. ಚುನಾವಣೆಯಲ್ಲಿ ಸೋತವರಿಗೆ, ಪಕ್ಷದಲ್ಲಿ ಬೇಡವಾದವರಿಗೆ ಸಮಾಧಾನಕ್ಕೆ ಕೊಟ್ಟ ಕುರ್ಚಿ ಎಂಬ ದೂರು ಪ್ರತಿ ಸಲವೂ ಏಳುತ್ತದೆ, ಯಾವ ಪಕ್ಷ ಅಧಿಕಾರದಲ್ಲಿದ್ದರೂ ಸರಿ. ಇನ್ನೊಂದು ತೊಂದರೆ ಇದಕ್ಕಿಂತ ಸೂಕ್ಷ್ಮ. ರಾಜಕಾರಣಿ ಬದುಕುವುದೇ ಬಾಯಿಬಿಟ್ಟು ಹೇಳುವುದರಿಂದ. ರಾಜತಾಂತ್ರಿಕ ಬದುಕುವುದು ಹೇಳದೆ ಉಳಿಸಿಕೊಳ್ಳುವುದರಿಂದ. ಮೊದಲ ಕೆಲಸದಲ್ಲಿ ಹೆಸರು ತಂದುಕೊಟ್ಟ ಮಾತೇ ಎರಡನೆಯದರಲ್ಲಿ ಕಾಲಿಗೆ ತೊಡರುತ್ತದೆ. ರಡ್ ಅವರಿಗೆ ಆದದ್ದು ಇದೇ.

ಎದುರಿನವರ ಒಪ್ಪಿಗೆ

ರಾಯಭಾರಿಯನ್ನು ಕಳಿಸುವ ಮುಂಚೆ ಆ ದೇಶವನ್ನು ಸದ್ದಿಲ್ಲದೆ ಕೇಳಬೇಕು: ಇವರನ್ನು ಕಳಿಸಬಹುದಾ? 1961ರ ವಿಯೆನ್ನಾ ಒಪ್ಪಂದದ 4ನೇ ವಿಧಿ ಇದನ್ನು ಹೇಳುತ್ತದೆ. ಬೇಡ ಅನ್ನುವ ಹಕ್ಕು ಎದುರಿನ ದೇಶಕ್ಕಿದೆ, ಕಾರಣ ಹೇಳಬೇಕಾಗಿಲ್ಲ. ಒಪ್ಪಿದ ಮೇಲೆ ರಾಯಭಾರಿ ಅಲ್ಲಿಗೆ ಹೋಗಿ ರಾಷ್ಟ್ರದ ಮುಖ್ಯಸ್ಥರಿಗೆ ತಮ್ಮ ಪರಿಚಯ ಪತ್ರ ಒಪ್ಪಿಸುತ್ತಾರೆ. ಅಲ್ಲಿಂದ ಕೆಲಸ ಶುರು.

ಒಪ್ಪಿಕೊಂಡ ಮೇಲೂ ವಾಪಸ್ ಕಳಿಸಬಹುದು. ಅದೇ ಒಪ್ಪಂದದ 9ನೇ ವಿಧಿ ಪ್ರಕಾರ, ಈ ವ್ಯಕ್ತಿ ನಮಗೆ ಬೇಡ ಎಂದು ಯಾವಾಗ ಬೇಕಾದರೂ ಘೋಷಿಸಬಹುದು. ಆಗಲೂ ಕಾರಣ ಕೊಡಬೇಕಿಲ್ಲ. ಅಂದರೆ ಕಾನೂನಿನ ಲೆಕ್ಕದಲ್ಲಿ ಟ್ರಂಪ್ ಅವರಿಗೆ ರಡ್ ಅವರನ್ನು ಯಾವತ್ತು ಬೇಕಾದರೂ ಕಳಿಸುವ ಅಧಿಕಾರ ಇತ್ತು. ಬಳಸಲಿಲ್ಲ. ಅದು ಯಾಕೆ ಎಂಬುದಕ್ಕೆ ಆಮೇಲೆ ಬರೋಣ.

ಹಾಲಿನ ಫಾರ್ಮ್‌ನಿಂದ ಬೀಜಿಂಗ್‌ಗೆ

ರಡ್ ಹುಟ್ಟಿದ್ದು 1957ರಲ್ಲಿ, ಕ್ವೀನ್ಸ್‌ಲ್ಯಾಂಡ್ ರಾಜ್ಯದ ನ್ಯಾಂಬರ್ ಎಂಬ ಊರಲ್ಲಿ. ಬೆಳೆದದ್ದು ಹತ್ತಿರದ ಯುಮಂಡಿಯಲ್ಲಿ. ಅಪ್ಪ ಬೇರೆಯವರ ಜಮೀನಿನಲ್ಲಿ ಪಾಲಿಗೆ ಹೈನುಗಾರಿಕೆ ಮಾಡುತ್ತಿದ್ದರು. ರಡ್‌ಗೆ ಹನ್ನೊಂದು ವರ್ಷ ಇದ್ದಾಗ ಕಾರು ಅಪಘಾತವಾಗಿ, ಮುಂದೆ ಆಸ್ಪತ್ರೆಯಲ್ಲಿ ಅಪ್ಪ ತೀರಿಕೊಂಡರು. ಜಮೀನು ಸ್ವಂತದ್ದಲ್ಲವಲ್ಲ, ಕುಟುಂಬ ಅಲ್ಲಿಂದ ಹೊರಡಬೇಕಾಯಿತು.

ಹೈಸ್ಕೂಲಿನಲ್ಲಿದ್ದಾಗಲೇ ಈ ಹುಡುಗನಿಗೆ ರಾಜತಾಂತ್ರಿಕ ಆಗುವ ಆಸೆ. ಹೇಗೆ ಆಗೋದು ಅಂತ ಕೇಳಿ ಆಗಿನ ಲೇಬರ್ ಪಕ್ಷದ ನಾಯಕ ಗಾಫ್ ವಿಟ್ಲಮ್ ಅವರಿಗೇ ಕಾಗದ ಬರೆದರು. ಉತ್ತರವೂ ಬಂತು: ವಿಶ್ವವಿದ್ಯಾಲಯಕ್ಕೆ ಹೋಗು, ಒಂದು ವಿದೇಶಿ ಭಾಷೆ ಕಲಿ. ರಡ್ ಎರಡನ್ನೂ ಮಾಡಿದರು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಚೀನಿ ಭಾಷೆ ಮತ್ತು ಚೀನಾದ ಇತಿಹಾಸ ಓದಿದರು. 1981ರಲ್ಲಿ ವಿದೇಶಾಂಗ ಇಲಾಖೆ ಸೇರಿದರು. ಮೊದಲು ಸ್ಟಾಕ್‌ಹೋಮ್, ಆಮೇಲೆ ಬೀಜಿಂಗ್. ಅಲ್ಲಿಗೆ ಅವರದು ರಾಜಕಾರಣಿ ರಾಜತಾಂತ್ರಿಕನಾದ ಕಥೆ ಮಾತ್ರ ಅಲ್ಲ ಅಂತಾಯಿತು. ಶುರುವಾದದ್ದೇ ರಾಜತಾಂತ್ರಿಕನಾಗಿ, ಮಧ್ಯೆ ರಾಜಕೀಯ ಬಂತು.

1988ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಲೇಬರ್ ನಾಯಕ ವೇಯ್ನ್ ಗಾಸ್ ಅವರ ಕಚೇರಿಯ ಮುಖ್ಯಸ್ಥರಾಗಿ ಊರಿಗೆ ಮರಳಿದರು. ಮರುವರ್ಷ ಗಾಸ್ ಗೆದ್ದು ರಾಜ್ಯದ ಪ್ರೀಮಿಯರ್ ಆದರು, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. 1996ರಲ್ಲಿ ಬ್ರಿಸ್ಬೇನ್‌ನ ಗ್ರಿಫಿತ್ ಕ್ಷೇತ್ರದಿಂದ ರಡ್ ಸಂಸತ್ತಿಗೆ ನಿಂತು ಸೋತರು. 1998ರಲ್ಲಿ ಅದೇ ಕ್ಷೇತ್ರದಲ್ಲಿ ಗೆದ್ದರು. 2006ರ ಡಿಸೆಂಬರ್‌ನಲ್ಲಿ ಪಕ್ಷದ ನಾಯಕ. 2007ರ ನವೆಂಬರ್‌ನ ಚುನಾವಣೆಯಲ್ಲಿ ಹನ್ನೊಂದು ವರ್ಷ ಆಳಿದ್ದ ಜಾನ್ ಹೋವರ್ಡ್ ಅವರ ಸರ್ಕಾರವನ್ನು ಸೋಲಿಸಿದರು. ಹೋವರ್ಡ್ ತಮ್ಮ ಸ್ವಂತ ಕ್ಷೇತ್ರವನ್ನೂ ಕಳೆದುಕೊಂಡರು.

ಎರಡು ಸಲ ಪ್ರಧಾನಿ, ಎರಡು ಸಲ ಪತನ

ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ ರಡ್ ಮಾಡಿದ ಒಂದು ಕೆಲಸವನ್ನು ಆಸ್ಟ್ರೇಲಿಯನ್ನರು ಈಗಲೂ ನೆನೆಯುತ್ತಾರೆ. 2008ರ ಫೆಬ್ರುವರಿ 13ರಂದು ಸಂಸತ್ತಿನಲ್ಲಿ ನಿಂತು ಮೂಲನಿವಾಸಿಗಳ ಕ್ಷಮೆ ಕೇಳಿದರು. ಇಪ್ಪತ್ತನೇ ಶತಮಾನದ ದಶಕಗಳ ಕಾಲ ಅಲ್ಲಿನ ಸರ್ಕಾರಗಳು ಮೂಲನಿವಾಸಿ ಮಕ್ಕಳನ್ನು ತಾಯ್ತಂದೆಯರಿಂದ ಕಿತ್ತು, ಸಂಸ್ಥೆಗಳಲ್ಲಿ, ಬಿಳಿಯರ ಮನೆಗಳಲ್ಲಿ ಬೆಳೆಸಿದ್ದವು. ಕದ್ದ ತಲೆಮಾರು ಎಂದು ಅವರನ್ನು ಕರೆಯುತ್ತಾರೆ. ಹಿಂದಿನ ಸರ್ಕಾರ ಅಧಿಕೃತವಾಗಿ ಕ್ಷಮೆ ಕೇಳಲು ಒಪ್ಪಿರಲಿಲ್ಲ. ಆ ದಿನ ಸಂಸತ್ತಿನ ಗ್ಯಾಲರಿಯಲ್ಲಿ ಕೂತಿದ್ದ ಎಷ್ಟೋ ಹಿರಿಯರು ಅತ್ತರು.

ಅದೇ ವರ್ಷ ಜಗತ್ತಿನ ಆರ್ಥಿಕ ಕುಸಿತ. ರಡ್ ಸರ್ಕಾರ ಜನರ ಕೈಗೆ ನೇರವಾಗಿ ದುಡ್ಡು ಕೊಟ್ಟಿತು. ಅರ್ಹ ತೆರಿಗೆದಾರರಿಗೆ 900 ಡಾಲರ್‌ವರೆಗೆ ಸಿಕ್ಕಿತು. ಶಾಲೆಗಳಿಗೆ ಕಟ್ಟಡಗಳು ಬಂದವು. ಶ್ರೀಮಂತ ದೇಶಗಳಲ್ಲಿ ಹಿಂಜರಿತಕ್ಕೆ ಬೀಳದೆ ಉಳಿದ ಬೆರಳೆಣಿಕೆಯ ದೇಶಗಳಲ್ಲಿ ಆಸ್ಟ್ರೇಲಿಯಾ ಒಂದು.

ಆದರೂ 2010ರ ಜೂನ್‌ನಲ್ಲಿ ಕುರ್ಚಿ ಹೋಯಿತು. ಜನ ಕಿತ್ತುಹಾಕಲಿಲ್ಲ, ಪಕ್ಷದವರೇ ಕಿತ್ತುಹಾಕಿದರು. ಅಲ್ಲಿಯೂ ನಮ್ಮಂತೆಯೇ ಪ್ರಧಾನಿಯನ್ನು ಜನ ನೇರವಾಗಿ ಆರಿಸುವುದಿಲ್ಲ. ಗೆದ್ದ ಪಕ್ಷದ ಸಂಸದರು ಯಾರನ್ನು ನಾಯಕ ಅನ್ನುತ್ತಾರೋ ಅವರೇ ಪ್ರಧಾನಿ. ಹವಾಮಾನ ಯೋಜನೆಯೊಂದನ್ನು ರಡ್ ಮುಂದೂಡಿದ್ದರು. ಗಣಿ ಕಂಪನಿಗಳ ಲಾಭದ ಮೇಲೆ ತೆರಿಗೆ ಹಾಕಲು ಹೋಗಿ ಅವುಗಳ ಸಿಟ್ಟಿಗೆ ಗುರಿಯಾಗಿದ್ದರು. ಸಮೀಕ್ಷೆಗಳಲ್ಲಿ ಜನಪ್ರಿಯತೆ ಇಳಿದಿತ್ತು. ಎಲ್ಲವನ್ನೂ ತಾವೇ ಹಿಡಿದುಕೊಂಡು ಕೂರುತ್ತಾರೆ, ಯಾರ ಮಾತೂ ಕೇಳುವುದಿಲ್ಲ ಎಂಬ ಗೊಣಗಾಟ ಮಂತ್ರಿಗಳಲ್ಲೇ ಇತ್ತು. ರಾತ್ರೋರಾತ್ರಿ ಲೆಕ್ಕ ಬದಲಾಗಿ, ಜೂನ್ 24ರಂದು ಅವರ ಉಪಪ್ರಧಾನಿ ಜೂಲಿಯಾ ಗಿಲಾರ್ಡ್ ಪ್ರಧಾನಿಯಾದರು. ಸೋಲು ಖಚಿತ ಎಂದು ಗೊತ್ತಾದ ರಡ್ ಸ್ಪರ್ಧೆಗೇ ಇಳಿಯಲಿಲ್ಲ.

ಗಿಲಾರ್ಡ್ ಮುಂದೆ ರಡ್ ಅವರನ್ನೇ ವಿದೇಶಾಂಗ ಮಂತ್ರಿ ಮಾಡಿದರು. ಆದರೆ ಒಳಗಿನ ಹೊಗೆ ಆರಲಿಲ್ಲ. 2012ರ ಫೆಬ್ರುವರಿಯಲ್ಲಿ ವಾಷಿಂಗ್ಟನ್‌ನಲ್ಲಿದ್ದ ರಡ್ ನಡುರಾತ್ರಿ ಪತ್ರಿಕಾಗೋಷ್ಠಿ ಕರೆದು ರಾಜೀನಾಮೆ ಕೊಟ್ಟರು. ನಾಯಕತ್ವಕ್ಕೆ ಸ್ಪರ್ಧಿಸಿ 71-31ರಲ್ಲಿ ಸೋತರು. 2013ರ ಜೂನ್‌ನಲ್ಲಿ ಮತ್ತೆ ಪ್ರಯತ್ನಿಸಿ 57-45ರಲ್ಲಿ ಗೆದ್ದರು, ಮತ್ತೆ ಪ್ರಧಾನಿಯಾದರು. ಸೆಪ್ಟೆಂಬರ್‌ನಲ್ಲಿ ಟೋನಿ ಅಬಾಟ್ ನೇತೃತ್ವದ ವಿರೋಧಪಕ್ಷದ ಎದುರು ಚುನಾವಣೆ ಸೋತರು. ಮೂರು ತಿಂಗಳೂ ತುಂಬಿರಲಿಲ್ಲ. ಆ ಪುಟ್ಟ ಅವಧಿಯಲ್ಲಿ ಉಪಪ್ರಧಾನಿ ಆಗಿದ್ದವರ ಹೆಸರನ್ನು ನೆನಪಿಟ್ಟುಕೊಳ್ಳಿ: ಆಂಥೊನಿ ಆಲ್ಬನೀಸ್.

ಭಾರತದ ಜೊತೆ ಅವರ ಲೆಕ್ಕ

ರಡ್ ಹೆಸರು ಭಾರತದಲ್ಲಿ ಅಷ್ಟೇನೂ ಸಿಹಿಯಾಗಿ ಉಳಿದಿಲ್ಲ. ಮುಖ್ಯ ಕಾರಣ ಎರಡು. ಹೋವರ್ಡ್ ಸರ್ಕಾರ ಭಾರತಕ್ಕೆ ಯುರೇನಿಯಂ ಮಾರಲು ಒಪ್ಪಿತ್ತು. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ ಎಂಬ ಕಾರಣ ಕೊಟ್ಟು ರಡ್ ಸರ್ಕಾರ ಅದನ್ನು ಕೈಬಿಟ್ಟಿತು. ಎರಡನೆಯದು ಕ್ವಾಡ್. ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಸೇರಿ 2007ರಲ್ಲಿ ಶುರುಮಾಡಿದ ಈ ಮಾತುಕತೆಯನ್ನು ಮುಂದುವರಿಸುವುದಿಲ್ಲ ಎಂದು 2008ರಲ್ಲಿ ರಡ್ ಅವರ ವಿದೇಶಾಂಗ ಮಂತ್ರಿ ಸ್ಟೀಫನ್ ಸ್ಮಿತ್ ಹೇಳಿದರು, ಅದೂ ಚೀನಾದ ವಿದೇಶಾಂಗ ಮಂತ್ರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ಚೀನಾಕ್ಕೆ ಮಣಿದರು ಎಂದು ದೆಹಲಿಯಲ್ಲಿ ಮಾತಾಯಿತು. ಆಗ ಯಾವ ದೇಶಕ್ಕೂ ಅದರಲ್ಲಿ ದೊಡ್ಡ ಉತ್ಸಾಹ ಇರಲಿಲ್ಲ, ತಪ್ಪನ್ನು ನಮ್ಮೊಬ್ಬರ ಮೇಲೆ ಹಾಕಬೇಡಿ ಎಂಬುದು ರಡ್ ವಾದ. ಕ್ವಾಡ್ ಮತ್ತೆ ಎದ್ದು ಕೂತದ್ದು 2017ರಲ್ಲಿ.

ಹಾಗಂತ ಚೀನಾವನ್ನು ಅವರು ಸುಮ್ನೆ ಹೊಗಳಿಕೊಂಡು ಕೂರಲಿಲ್ಲ. 2008ರ ಏಪ್ರಿಲ್‌ನಲ್ಲಿ ಪೀಕಿಂಗ್ ವಿಶ್ವವಿದ್ಯಾಲಯಕ್ಕೆ ಹೋಗಿ, ವಿದ್ಯಾರ್ಥಿಗಳ ಮುಂದೆ ಚೀನಿ ಭಾಷೆಯಲ್ಲೇ ಟಿಬೆಟ್‌ನ ಮಾನವ ಹಕ್ಕುಗಳ ವಿಷಯ ಎತ್ತಿದರು. ಅಲ್ಲಿನ ಸರ್ಕಾರಕ್ಕೆ ಹಿಡಿಸಲಿಲ್ಲ.

2009ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಸಾಲುಸಾಲು ಹಲ್ಲೆ ನಡೆದಾಗ ಪ್ರಧಾನಿ ಆಗಿದ್ದವರೂ ರಡ್. ಆ ವರ್ಷ ನವೆಂಬರ್‌ನಲ್ಲಿ ದೆಹಲಿಗೆ ಬಂದು ಮನಮೋಹನ್ ಸಿಂಗ್ ಅವರ ಜೊತೆ ಎರಡು ದೇಶಗಳ ಸಂಬಂಧವನ್ನು ಕಾರ್ಯತಂತ್ರದ ಪಾಲುದಾರಿಕೆ ಎಂದು ಘೋಷಿಸಿದರು. ಕನ್ನಡಿಗರಿಗೆ ಇನ್ನೊಂದು ನೆನಪೂ ಇರಬಹುದು. 2007ರಲ್ಲಿ, ಹೋವರ್ಡ್ ಕಾಲದಲ್ಲಿ, ಕರ್ನಾಟಕದಿಂದ ಹೋಗಿದ್ದ ವೈದ್ಯರೊಬ್ಬರನ್ನು ಭಯೋತ್ಪಾದನೆಯ ಅನುಮಾನದ ಮೇಲೆ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದಿದ್ದರು. ಆ ಆರೋಪ ನಿಲ್ಲಲಿಲ್ಲ. ಪೊಲೀಸರು, ಇಲಾಖೆಗಳು ಎಲ್ಲಿ ಎಡವಿದವು ಎಂದು ನೋಡಲು 2008ರಲ್ಲಿ ವಿಚಾರಣೆಗೆ ಆದೇಶಿಸಿದ್ದು ರಡ್ ಸರ್ಕಾರ.

ಬಾಯಿಗೆ ಬೀಗವಿಲ್ಲದ ವರ್ಷಗಳು

2013ರ ಕೊನೆಗೆ ರಡ್ ಸಂಸತ್ತು ಬಿಟ್ಟರು. ನ್ಯೂಯಾರ್ಕ್‌ಗೆ ಹೋಗಿ ಏಷ್ಯಾ ಸೊಸೈಟಿ ಎಂಬ ಸಂಸ್ಥೆಯ ನೀತಿ ಅಧ್ಯಯನ ವಿಭಾಗವನ್ನು ನಡೆಸಿದರು. 2021ರಲ್ಲಿ ಇಡೀ ಸಂಸ್ಥೆಯ ಅಧ್ಯಕ್ಷರಾದರು. ಮಧ್ಯೆ ಒಂದು ದೊಡ್ಡ ಆಸೆ ಇತ್ತು: ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಆಗುವುದು. ಅದಕ್ಕೆ ರೂಢಿಯಂತೆ ಸ್ವಂತ ದೇಶವೇ ಹೆಸರು ಸೂಚಿಸಬೇಕು. 2016ರಲ್ಲಿ ಮಾಲ್ಕಮ್ ಟರ್ನ್‌ಬುಲ್ ಸರ್ಕಾರ ಸೂಚಿಸಲಿಲ್ಲ. ಆ ಹುದ್ದೆಗೆ ರಡ್ ಸೂಕ್ತರಲ್ಲ ಎಂದು ಟರ್ನ್‌ಬುಲ್ ನೇರವಾಗಿಯೇ ಹೇಳಿದರು. 65ರ ಹತ್ತಿರದ ವಯಸ್ಸಿನಲ್ಲಿ ರಡ್ ಆಕ್ಸ್‌ಫರ್ಡ್‌ನಲ್ಲಿ ಷಿ ಜಿನ್‌ಪಿಂಗ್ ಅವರ ವಿಚಾರಧಾರೆ ಮೇಲೆ ಡಾಕ್ಟರೇಟ್ ಮುಗಿಸಿದರು.

ಈ ವರ್ಷಗಳಲ್ಲಿ ಅವರು ಯಾರ ಪ್ರತಿನಿಧಿಯೂ ಅಲ್ಲ. ಅನ್ನಿಸಿದ್ದನ್ನು ಬರೆದರು, ಹೇಳಿದರು. ಟ್ರಂಪ್ ಅವರನ್ನು ಅಮೆರಿಕದ ಇತಿಹಾಸದಲ್ಲೇ ಅತಿ ವಿನಾಶಕಾರಿ ಅಧ್ಯಕ್ಷ ಎಂದರು. ಪಾಶ್ಚಿಮಾತ್ಯ ಜಗತ್ತಿಗೆ ದ್ರೋಹಿ ಎಂದೂ ಕರೆದರು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಅಂತ ನಮ್ಮಲ್ಲಿ ಗಾದೆ ಇದೆ. ಇಂಟರ್‌ನೆಟ್ ಕಾಲದಲ್ಲಿ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಕೂತಿರುತ್ತದೆ.

ವಾಷಿಂಗ್ಟನ್‌ನಲ್ಲಿ ಮೂರು ವರ್ಷ

2022ರಲ್ಲಿ ಲೇಬರ್ ಪಕ್ಷ ಮತ್ತೆ ಅಧಿಕಾರಕ್ಕೆ ಬಂತು. ಪ್ರಧಾನಿ ಆಲ್ಬನೀಸ್ ಡಿಸೆಂಬರ್‌ನಲ್ಲಿ ರಡ್ ಹೆಸರು ಪ್ರಕಟಿಸಿದರು. 2023ರ ಮಾರ್ಚ್‌ನಲ್ಲಿ ರಡ್ ಕೆಲಸಕ್ಕೆ ಹೋದರು. ಅಮೆರಿಕಕ್ಕೆ ರಾಯಭಾರಿಯಾದ ಮೊದಲ ಮಾಜಿ ಪ್ರಧಾನಿ ಅವರು. ಇಲ್ಲಿ ಒಂದು ತಮಾಷೆ ಇದೆ. ರಾಯಭಾರಿ ವರದಿ ಒಪ್ಪಿಸಬೇಕಾದದ್ದು ವಿದೇಶಾಂಗ ಮಂತ್ರಿಗೆ. ಆ ಮಂತ್ರಿ ಪೆನಿ ವಾಂಗ್, ಹಿಂದೆ ರಡ್ ಸಂಪುಟದಲ್ಲಿ ಹವಾಮಾನ ಖಾತೆ ನೋಡಿಕೊಂಡಿದ್ದವರು. ಅವರ ಮೇಲೆ ಆಲ್ಬನೀಸ್, ಒಂದು ಕಾಲದ ರಡ್ ಅವರ ಉಪಪ್ರಧಾನಿ. ತಮ್ಮ ಕೈಕೆಳಗೆ ಇದ್ದ ಇಬ್ಬರ ಕೈಕೆಳಗೆ ಕೆಲಸ ಮಾಡಲು ಎಲ್ಲರಿಗೂ ಮನಸ್ಸು ಬರುವುದಿಲ್ಲ.

ಅವರ ಮುಂದಿದ್ದ ದೊಡ್ಡ ಕೆಲಸ ಆಕಸ್. ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ 2021ರಲ್ಲಿ ಮಾಡಿಕೊಂಡ ರಕ್ಷಣಾ ಒಪ್ಪಂದ ಇದು. ಇದರ ಪ್ರಕಾರ ಅಣುಶಕ್ತಿಯಿಂದ ಓಡುವ ಜಲಾಂತರ್ಗಾಮಿಗಳನ್ನು ಅಮೆರಿಕ ಆಸ್ಟ್ರೇಲಿಯಾಕ್ಕೆ ಮಾರಬೇಕು. ಅವುಗಳಲ್ಲಿ ಅಣುಬಾಂಬ್ ಇರುವುದಿಲ್ಲ, ಎಂಜಿನ್ ಮಾತ್ರ ಅಣುಶಕ್ತಿಯದ್ದು. ಮೂರು ದಶಕಗಳಲ್ಲಿ 368 ಶತಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ಖರ್ಚಾಗಬಹುದು ಎಂಬ ಅಂದಾಜಿದೆ. ನಾಯಕರು ಕೈಕುಲುಕಿದರೆ ಇದು ಆಗಿಬಿಡುವುದಿಲ್ಲ. ಅಮೆರಿಕದ ಸಂಸತ್ತು ಕಾನೂನು ಮಾಡಬೇಕು. ನಮ್ಮ ನೌಕಾಪಡೆಗೇ ಸಾಲುತ್ತಿಲ್ಲ, ಬೇರೆಯವರಿಗೆ ಯಾಕೆ ಎಂದು ಕೇಳುವ ಸಂಸದರು ಅಲ್ಲಿ ಇದ್ದರು. ರಡ್ ಎರಡೂ ಪಕ್ಷಗಳ ಸಂಸದರ ಬೆನ್ನು ಹತ್ತಿದರು. ಮಾರಾಟಕ್ಕೆ ಅನುಮತಿ ಕೊಡುವ ಕಾನೂನು 2023ರ ಡಿಸೆಂಬರ್‌ನಲ್ಲಿ ಪಾಸಾಯಿತು.

ಇನ್ನೊಂದು ಜೂಲಿಯನ್ ಅಸಾಂಜ್ ಪ್ರಕರಣ. ಅಮೆರಿಕದ ಗುಪ್ತ ದಾಖಲೆಗಳನ್ನು ಹೊರಹಾಕಿದ ವಿಕಿಲೀಕ್ಸ್‌ನ ಸ್ಥಾಪಕ, ಆಸ್ಟ್ರೇಲಿಯಾ ಪ್ರಜೆ. ಲಂಡನ್ ಜೈಲಿನಲ್ಲಿ ಐದು ವರ್ಷ ಇದ್ದರು. ತಪ್ಪೊಪ್ಪಿಗೆಯ ಒಪ್ಪಂದ ಆದಾಗ ಒಂದು ತೊಡಕು ಬಂತು. ಅಮೆರಿಕದ ನೆಲದ ಕೋರ್ಟಿನಲ್ಲೇ ತಪ್ಪೊಪ್ಪಬೇಕು, ಆದರೆ ಅಸಾಂಜ್‌ಗೆ ಅಮೆರಿಕದ ಮುಖ್ಯ ಭೂಭಾಗಕ್ಕೆ ಹೋಗಲು ಮನಸ್ಸಿಲ್ಲ. ಕೊನೆಗೆ ಸಿಕ್ಕಿದ್ದು ಪೆಸಿಫಿಕ್ ಸಾಗರದ ಸೈಪಾನ್ ದ್ವೀಪ. ಅಮೆರಿಕದ ಆಡಳಿತಕ್ಕೆ ಸೇರಿದ್ದು, ಆಸ್ಟ್ರೇಲಿಯಾಕ್ಕೆ ಹತ್ತಿರ. 2024ರ ಜೂನ್ 26ರಂದು ಅಲ್ಲಿನ ಕೋರ್ಟಿಗೆ ಅಸಾಂಜ್ ಬಂದಾಗ ಜೊತೆಗೆ ರಡ್ ಇದ್ದರು. ಲಂಡನ್‌ನಿಂದ ವಿಮಾನದಲ್ಲಿ ಜೊತೆಯಾಗಿ ಬಂದವರು ಬ್ರಿಟನ್‌ನಲ್ಲಿನ ಆಸ್ಟ್ರೇಲಿಯಾ ಹೈಕಮಿಷನರ್ ಸ್ಟೀಫನ್ ಸ್ಮಿತ್. ಹೌದು, ಅದೇ ಹಳೆಯ ವಿದೇಶಾಂಗ ಮಂತ್ರಿ. ಅವತ್ತೇ ಅಸಾಂಜ್ ಊರು ಸೇರಿದರು.

ಇಷ್ಟವಿಲ್ಲ ಅಂದರೂ ಉಳಿದದ್ದು ಹೇಗೆ?

ಹಳೆಯ ಮಾತುಗಳು 2024ರಲ್ಲಿ ಎದ್ದು ಬಂದವು. ಮಾರ್ಚ್‌ನಲ್ಲಿ ಬ್ರಿಟನ್ನಿನ ಟಿವಿ ಸಂದರ್ಶನವೊಂದರಲ್ಲಿ ಟ್ರಂಪ್‌ಗೆ ರಡ್ ಹೇಳಿಕೆಗಳ ಬಗ್ಗೆ ಕೇಳಿದರು. ಹಗೆತನ ತೋರಿದರೆ ಅವರು ಅಲ್ಲಿ ಜಾಸ್ತಿ ದಿನ ಇರೋದಿಲ್ಲ ಎಂಬ ಉತ್ತರ ಬಂತು. ನವೆಂಬರ್‌ನಲ್ಲಿ ಟ್ರಂಪ್ ಗೆದ್ದರು. ರಡ್ ತಮ್ಮ ಹಳೆಯ ಪೋಸ್ಟ್‌ಗಳನ್ನು ಅಳಿಸಿದರು. ಅಧ್ಯಕ್ಷ ಹುದ್ದೆಯ ಮೇಲಿನ ಗೌರವಕ್ಕಾಗಿ ಎಂದು ಅವರ ಕಚೇರಿ ಹೇಳಿತು. ಅವರು ಹಾಕಿದ ಅಭಿನಂದನಾ ಸಂದೇಶಕ್ಕೆ ಟ್ರಂಪ್ ಆಪ್ತ ಡ್ಯಾನ್ ಸ್ಕಾವಿನೊ ಮರಳು ಗಡಿಯಾರದ ಚಿತ್ರವೊಂದನ್ನು ಉತ್ತರವಾಗಿ ಹಾಕಿದರು. ಮಾತೇ ಇಲ್ಲ, ಮರಳು ಸುರಿಯುತ್ತಿರುವ ಚಿತ್ರ ಅಷ್ಟೇ.

ಇಂಥ ಸಂದರ್ಭದಲ್ಲಿ ಏನಾಗಬಹುದಿತ್ತು ಎಂಬುದಕ್ಕೆ ಬ್ರಿಟನ್ ರಾಯಭಾರಿ ಕಿಮ್ ಡ್ಯಾರಕ್ ಅವರ ಉದಾಹರಣೆ ಇದೆ. 2019ರ ಜುಲೈನಲ್ಲಿ ಅವರ ಗುಪ್ತ ವರದಿಗಳು ಸೋರಿಕೆಯಾದವು. ಟ್ರಂಪ್ ಆಡಳಿತ ಅಸಮರ್ಥ ಎಂದು ಅವುಗಳಲ್ಲಿ ಬರೆದಿದ್ದರು. ಇನ್ನು ಅವರ ಜೊತೆ ವ್ಯವಹರಿಸುವುದಿಲ್ಲ ಎಂದರು ಟ್ರಂಪ್. ಆಗ ಬ್ರಿಟನ್‌ನಲ್ಲಿ ಮುಂದಿನ ಪ್ರಧಾನಿಯ ಆಯ್ಕೆ ನಡೆಯುತ್ತಿತ್ತು. ಗೆಲ್ಲುವ ಕುದುರೆ ಬೋರಿಸ್ ಜಾನ್ಸನ್, ಟಿವಿ ಚರ್ಚೆಯಲ್ಲಿ ಡ್ಯಾರಕ್ ಪರ ನಿಲ್ಲುವ ಮಾತನ್ನು ಆಡಲಿಲ್ಲ. ಮರುದಿನವೇ ಡ್ಯಾರಕ್ ರಾಜೀನಾಮೆ ಕೊಟ್ಟರು. ವಿಚಿತ್ರ ನೋಡಿ: ಡ್ಯಾರಕ್ ಬರೆದದ್ದು ರಾಯಭಾರಿಯ ಕರ್ತವ್ಯವೇ, ಅದೂ ಮುಚ್ಚಿದ ಲಕೋಟೆಯಲ್ಲಿ. ರಡ್ ಹೇಳಿದ್ದು ಜಗತ್ತಿಗೆಲ್ಲ ಕೇಳುವ ಹಾಗೆ. ಆದರೆ ಹೋದವರು ಡ್ಯಾರಕ್.

ವ್ಯತ್ಯಾಸ ಇದ್ದದ್ದು ಊರಿನ ಬೆಂಬಲದಲ್ಲಿ ಎಂದು ನನಗನಿಸುತ್ತದೆ. ವಿರೋಧಪಕ್ಷ ಎಷ್ಟೇ ಕೂಗಿದರೂ ಆಲ್ಬನೀಸ್ ಮತ್ತು ವಾಂಗ್ ರಡ್ ಅವರನ್ನು ಬಿಟ್ಟುಕೊಡಲಿಲ್ಲ. ಇನ್ನೊಂದು, ಟ್ರಂಪ್‌ಗೆ ಆ ದಿನ ಆಸ್ಟ್ರೇಲಿಯಾದಿಂದ ಬೇಕಾದದ್ದು ಬೇರೆ ಇತ್ತು. ಬ್ಯಾಟರಿ, ಕ್ಷಿಪಣಿ, ಎಲೆಕ್ಟ್ರಾನಿಕ್ಸ್‌ಗೆ ಬೇಕಾಗುವ ಅಪರೂಪದ ಖನಿಜಗಳಲ್ಲಿ ಚೀನಾದ್ದೇ ಕಾರುಬಾರು. ಆಸ್ಟ್ರೇಲಿಯಾದ ನೆಲದಲ್ಲಿ ಅವು ಹೇರಳವಾಗಿವೆ. ಅದೇ ಅಕ್ಟೋಬರ್ 20ರಂದು ಇಬ್ಬರು ನಾಯಕರು ಇವುಗಳ ಕುರಿತು 8.5 ಶತಕೋಟಿ ಅಮೆರಿಕನ್ ಡಾಲರ್ ಮೊತ್ತದ ಯೋಜನೆಗಳ ಒಪ್ಪಂದಕ್ಕೆ ಸಹಿ ಹಾಕಿದರು. ಜಲಾಂತರ್ಗಾಮಿಗಳ ವ್ಯವಹಾರಕ್ಕೂ ಟ್ರಂಪ್ ಹಸಿರು ನಿಶಾನೆ ತೋರಿಸಿದರು. ತಮಾಷೆಯ ಆ ತುಣುಕು ಎಲ್ಲೆಡೆ ಓಡಾಡಿತು, ಸಹಿ ಹಾಕಿದ ಕಾಗದದ ಬಗ್ಗೆ ಕಡಿಮೆ ಜನ ಮಾತಾಡಿದರು. ಆ ಕಾಗದದ ಹಿಂದಿನ ತಿಂಗಳುಗಳ ಓಡಾಟದಲ್ಲಿ ರಡ್ ಪಾಲಿತ್ತು.

2026ರ ಜನವರಿಯಲ್ಲಿ, ಅವಧಿಗೆ ಒಂದು ವರ್ಷ ಮುಂಚೆಯೇ, ಮಾರ್ಚ್ ಕೊನೆಗೆ ಹುದ್ದೆ ಬಿಡುವುದಾಗಿ ಪ್ರಕಟಣೆ ಬಂತು. ಅವರು ಮರಳುವುದು ಏಷ್ಯಾ ಸೊಸೈಟಿಗೆ.

ಇವರೊಬ್ಬರೇ ಅಲ್ಲ

ರಾಜಕಾರಣಿಗಳನ್ನು ಕಳಿಸುವ ಅಭ್ಯಾಸ ಆಸ್ಟ್ರೇಲಿಯಾದಲ್ಲಿ ಹಳೆಯದು. 1910ರಲ್ಲಿ ಲಂಡನ್‌ಗೆ ಹೋದ ಮೊದಲ ಹೈಕಮಿಷನರ್ ಜಾರ್ಜ್ ರೀಡ್ ಮಾಜಿ ಪ್ರಧಾನಿ. ಅವರ ನಂತರದ ಆ್ಯಂಡ್ರೂ ಫಿಷರ್, ಜೋಸೆಫ್ ಕುಕ್ ಕೂಡ ಮಾಜಿ ಪ್ರಧಾನಿಗಳೇ. ಹುಡುಗ ರಡ್‌ಗೆ ಉತ್ತರ ಬರೆದಿದ್ದ ವಿಟ್ಲಮ್ ಕೂಡ ಪ್ರಧಾನಿಗಿರಿ ಮುಗಿದ ಮೇಲೆ ಪ್ಯಾರಿಸ್‌ನಲ್ಲಿ ಯುನೆಸ್ಕೊ ರಾಯಭಾರಿಯಾಗಿದ್ದರು. 1940ರಲ್ಲಿ ವಾಷಿಂಗ್ಟನ್‌ಗೆ ಮೊದಲು ಹೋದ ರಿಚರ್ಡ್ ಕೇಸಿ ಹಣಕಾಸು ಖಾತೆ ನೋಡಿದ್ದವರು. ಅವರ ದಾರಿ ಎಲ್ಲೆಲ್ಲಿಗೋ ಹೋಗಿ, 1944ರಲ್ಲಿ ಬರಗಾಲ ಬಡಿದ ಬಂಗಾಳಕ್ಕೆ ಗವರ್ನರ್ ಆಗಿಯೂ ಬಂದರು.

ದೆಹಲಿಗೂ ಒಬ್ಬರು ಬಂದಿದ್ದರು, ಬ್ಯಾರಿ ಓಫಾರೆಲ್. ನ್ಯೂ ಸೌತ್ ವೇಲ್ಸ್ ರಾಜ್ಯದ ಪ್ರೀಮಿಯರ್ ಆಗಿದ್ದವರು. 2014ರಲ್ಲಿ ಕುರ್ಚಿ ಬಿಟ್ಟದ್ದು ಒಂದು ಬಾಟಲಿ ವೈನ್ ಕಾರಣಕ್ಕೆ. ಉಡುಗೊರೆಯಾಗಿ ಬಂದ ಸುಮಾರು 3000 ಡಾಲರ್ ಬೆಲೆಯ 1959ರ ವೈನ್ ಬಗ್ಗೆ ಭ್ರಷ್ಟಾಚಾರ ತನಿಖಾ ಆಯೋಗ ಕೇಳಿದಾಗ, ಅಂಥದ್ದು ಬಂದದ್ದೇ ನೆನಪಿಲ್ಲ ಎಂದಿದ್ದರು. ಆಮೇಲೆ ಅವರ ಕೈಬರಹದ್ದೇ ಧನ್ಯವಾದದ ಚೀಟಿ ಸಿಕ್ಕಿತು. ಮರುದಿನಕ್ಕೆ ಕಾಯಲಿಲ್ಲ, ರಾಜೀನಾಮೆ ಪ್ರಕಟಿಸಿದರು. 2020ರಲ್ಲಿ ಭಾರತಕ್ಕೆ ಹೈಕಮಿಷನರ್ ಆಗಿ ಬಂದಾಗ ಕೋವಿಡ್ ಕಾಲ. ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಗೆ ಪರಿಚಯ ಪತ್ರ ಒಪ್ಪಿಸಿದ್ದು ವಿಡಿಯೊ ಕಾನ್ಫರೆನ್ಸ್‌ನಲ್ಲಿ, ರಾಷ್ಟ್ರಪತಿ ಭವನದ ಇತಿಹಾಸದಲ್ಲೇ ಮೊದಲ ಸಲ. ಅವರ ನಂತರ 2023ರಲ್ಲಿ ಬಂದ ಫಿಲಿಪ್ ಗ್ರೀನ್ ಇಲಾಖೆಯಲ್ಲೇ ಬೆಳೆದ ರಾಜತಾಂತ್ರಿಕ.

ನಾವೂ ಹೊರಗಿನವರನ್ನು ಕಳಿಸಿದ್ದೇವೆ, ಅದರಲ್ಲೂ ಆಸ್ಟ್ರೇಲಿಯಾಕ್ಕೆ. ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾಗಿ ನಿವೃತ್ತರಾದ ಕೊಡಗಿನ ಜನರಲ್ ಕಾರ್ಯಪ್ಪ 1953ರಿಂದ 1956ರವರೆಗೆ ಅಲ್ಲಿ ಭಾರತದ ಹೈಕಮಿಷನರ್. ಆಗ ಆ ದೇಶ ಬಿಳಿಯರನ್ನು ಬಿಟ್ಟು ಬೇರೆಯವರಿಗೆ ವಲಸೆಯ ಬಾಗಿಲು ಹೆಚ್ಚುಕಮ್ಮಿ ಮುಚ್ಚಿತ್ತು. ಕಾರ್ಯಪ್ಪ ಅದರ ಬಗ್ಗೆ ಬಹಿರಂಗವಾಗಿಯೇ ಟೀಕಿಸಿ ಅಲ್ಲಿನವರ ಅಸಮಾಧಾನಕ್ಕೆ ಕಾರಣರಾದರು. ಆದರೂ ಅವರನ್ನು ಯಾರೂ ವಾಪಸ್ ಕಳಿಸಲಿಲ್ಲ.